ಗ್ಯಾಸ್ ತುಂಬಿಸಬೇಕೋ, ಸೋರಿಕೆ ಹುಡುಕಬೇಕೋ: ಹಳೆಯ ಕಾರಿನ ಎಸಿಗೆ ಯಾವ ದಾರಿ?

ಮೂರು ಬೇಸಿಗೆ ನಾನು ಒಂದೇ ತಪ್ಪು ಮಾಡಿದೆ. ಮಾರ್ಚ್ ಬಂತೆಂದರೆ ಕಾರಿನ ಎಸಿ ಬಿಸಿಗಾಳಿ ಊದುವುದು, ನಾನು ಹತ್ತಿರದ ಅಂಗಡಿಗೆ ಹೋಗುವುದು, ಅಲ್ಲಿಯ ಹುಡುಗ ಗೇಜ್ ಹಚ್ಚಿ “ಗ್ಯಾಸ್ ಖಾಲಿ ಸಾರ್” ಎನ್ನುವುದು, 1,800 ರೂಪಾಯಿ ಕೊಟ್ಟು ತಣ್ಣಗೆ ಮನೆಗೆ ಮರಳುವುದು. ಮೊದಲ ವರ್ಷ ಆ ತಂಪು ದೀಪಾವಳಿಯವರೆಗೆ ಬಾಳಿತು. ಎರಡನೆಯ ವರ್ಷ ಆಗಸ್ಟ್‌ವರೆಗೆ. ಮೂರನೆಯ ವರ್ಷ ಐದೇ ವಾರ. ದುಡ್ಡು ಗಾಳಿಗೆ ಹೋಯಿತು ಎಂಬ ಮಾತು ನನ್ನ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್‌ನಿಂದ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ, ಅಲ್ಲಿಂದ ತೇವ ಹೀರುವ ಡ್ರೈಯರ್ ಬಾಟಲಿ, ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಶನ್ ವಾಲ್ವ್ ದಾಟಿ ಗಾಳಿಯನ್ನು ತಣ್ಣಗಾಗಿಸುವ ಕೂಲಿಂಗ್ ಕಾಯಿಲ್‌ಗೆ, ಮತ್ತೆ ಕಂಪ್ರೆಸರ್‌ಗೆ, ಹೀಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ. ಹಾಗೆಂದು ತುಂಬಿಸುವವರೆಲ್ಲ ಮೋಸಗಾರರೆನ್ನಲಾಗದು. ರಬ್ಬರ್ ಪೈಪುಗಳ ಮೈಯಿಂದ, ಕಂಪ್ರೆಸರ್‌ನ ಶಾಫ್ಟ್ ಸೀಲ್‌ನಿಂದ ಹೊಸ ಕಾರಿನಲ್ಲೂ ವರ್ಷಕ್ಕೆ ಕೆಲವು ಗ್ರಾಂ ನುಸುಳಿ ಹೋಗುತ್ತದೆ. ಸಣ್ಣ ಕಾರಿಗೆ ಹಿಡಿಸುವುದೇ ಸುಮಾರು 400ರಿಂದ 600 ಗ್ರಾಂ. ಹಲವು ವರ್ಷಗಳ ನುಸುಳುವಿಕೆ ಸೇರಿದರೆ ತಂಪು ತಗ್ಗಲೇಬೇಕು.

ಹಾಗಾಗಿ ಯಾವ ದಾರಿ ಹಿಡಿಯಬೇಕೆಂಬುದಕ್ಕೆ ಮೊದಲ ಸುಳಿವು ನಿಮ್ಮ ಕೈಯಲ್ಲೇ ಇದೆ. ಹಿಂದಿನ ಸಲ ತುಂಬಿಸಿದ ಗ್ಯಾಸ್ ಎಷ್ಟು ದಿನ ಬಾಳಿತು? ಐದಾರು ವರ್ಷ ಬಾಳಿದ್ದರೆ ಹುಡುಕಾಟಕ್ಕೆ ದುಡ್ಡು ಸುರಿಯಬೇಡಿ. ತೂಕ ನೋಡಿ ತುಂಬಿಸಿ ಸುಮ್ಮನಿರಿ. ಒಂದೆರಡು ವರ್ಷವಾದರೆ ಸಣ್ಣ ಸೋರಿಕೆ, ಸೋರುವ ಜಾಗ ತೋರಿಸುವ ಬಣ್ಣ (ಡೈ) ಹಾಕಿಸಿ ಕಾಯಬಹುದು. ಒಂದು ಬೇಸಿಗೆಯನ್ನೂ ದಾಟದಿದ್ದರೆ ತುಂಬಿಸುವ ಮುನ್ನವೇ ಸೋರುವ ಜಾಗ ಸಿಗಬೇಕು. ಎರಡೇ ದಿನಕ್ಕೆ ಹೋಯಿತೆಂದರೆ ಒಂದು ರೀತಿಯಲ್ಲಿ ಅದೃಷ್ಟ: ಅಷ್ಟು ದೊಡ್ಡ ತೂತು ಯಾರ ಕಣ್ಣಿಗಾದರೂ ಬೀಳುತ್ತದೆ. ನನ್ನಂತೆ ತಾರೀಖು ಮರೆಯುವವರು ಬಿಲ್ಲನ್ನು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ನೀರೋ, ಗ್ಯಾಸೋ

ಮೇ ತಿಂಗಳಲ್ಲಿ ಕುಂದಾಪುರದ ಮನೆಯ ಮುಂದೆ ಕಾರು ನಿಲ್ಲಿಸಿದರೆ ಐದು ನಿಮಿಷದಲ್ಲಿ ಅಡಿಯಲ್ಲಿ ಒಂದು ಚೊಂಬು ನೀರು. “ನಿಮ್ಮ ಕಾರು ಸೋರುತ್ತಿದೆ ಮಾರಾಯರೇ” ಎಂದು ಪಕ್ಕದ ಮನೆಯವರು ಪ್ರತಿ ಸಲವೂ ಎಚ್ಚರಿಸುತ್ತಾರೆ. ಅದು ಎಸಿಯ ಆರೋಗ್ಯದ ಲಕ್ಷಣ. ಕರಾವಳಿಯ ಗಾಳಿಯಲ್ಲಿರುವ ತೇವ ತಣ್ಣನೆಯ ಕಾಯಿಲ್ ಮೇಲೆ ಹನಿಗಟ್ಟಿ ಸಣ್ಣ ಕೊಳವೆಯಿಂದ ಕೆಳಗೆ ಬೀಳುತ್ತದೆ. ಅದೇ ನೀರು ಎಡಬದಿಯ ಸೀಟಿನ ಕಾಲಡಿಯ ಮ್ಯಾಟನ್ನು ನೆನೆಸಿದರೆ ಕೊಳವೆ ಕಟ್ಟಿಕೊಂಡಿದೆ ಎಂದರ್ಥ. ಕಾರಿನ ಕೆಳಗಿನಿಂದ ಹಗುರಾಗಿ ಗಾಳಿ ಊದಿ ಕಸ ತೆಗೆದರೆ ಮುಗಿಯಿತು. ಇದಕ್ಕೆ ಗ್ಯಾಸ್ ತುಂಬಿಸಿಕೊಂಡು ಬಂದವರನ್ನೂ ನಾನು ಬಲ್ಲೆ.

ತಂಪು ಇಲ್ಲದಿರುವುದಕ್ಕೆಲ್ಲ ಗ್ಯಾಸ್ ಕಾರಣವೂ ಅಲ್ಲ. ಕಾರು ಓಡುವಾಗ ತಣ್ಣಗಿದ್ದು ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬಿಸಿಯಾದರೆ ಮೊದಲು ಕಂಡೆನ್ಸರ್ ಫ್ಯಾನ್ ನೋಡಿಸಿ. ಗಾಳಿ ತಣ್ಣಗಿದ್ದೂ ಬರುವುದೇ ಕಡಿಮೆಯಾದರೆ ಫಿಲ್ಟರ್ ಕಟ್ಟಿದೆಯೇ, ಬ್ಲೋವರ್ ಸರಿಯಿದೆಯೇ ಎಂದು ನೋಡಿಸಿ. ಕಂಪ್ರೆಸರ್ ಟಕ್ ಎಂದು ಹಿಡಿದು ಕೆಲವೇ ಸೆಕೆಂಡಿನಲ್ಲಿ ಬಿಡುತ್ತಿದ್ದರೆ ಮಾತ್ರ ಗ್ಯಾಸ್ ಕಡಿಮೆಯಾಗಿ ಒತ್ತಡದ ಸ್ವಿಚ್ ಅದನ್ನು ನಿಲ್ಲಿಸುತ್ತಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ಭ್ರಮೆ ಗೇಜಿನದು. ಎಂಜಿನ್ ನಿಲ್ಲಿಸಿದ ಕಾರಿಗೆ ಗೇಜ್ ಹಚ್ಚಿ “ನೋಡಿ, ಪ್ರೆಶರ್ ಸರಿಯಿದೆ” ಎನ್ನುವವರಿದ್ದಾರೆ. ಇಂದಿನ ಬಹುತೇಕ ಹಳೆಯ ಕಾರುಗಳಲ್ಲಿರುವ ಆರ್134ಎ ಗ್ಯಾಸ್ 30 ಡಿಗ್ರಿಯಲ್ಲಿ ನಿಂತಲ್ಲೇ ಸುಮಾರು 95 ಪಿಎಸ್‌ಐ ತೋರಿಸುತ್ತದೆ. ಒಳಗೆ 500 ಗ್ರಾಂ ಇದ್ದರೂ ಅಷ್ಟೇ, 250 ಗ್ರಾಂ ಇದ್ದರೂ ಅಷ್ಟೇ. ಮನೆಯ ಅಡುಗೆ ಸಿಲಿಂಡರ್ ಅರ್ಧ ಖಾಲಿಯಾದರೂ ಒಲೆ ಅದೇ ಜೋರಿನಲ್ಲಿ ಉರಿಯುವುದಿಲ್ಲವೇ, ಹಾಗೆ. ಸ್ವಲ್ಪ ದ್ರವ ಉಳಿದಿರುವವರೆಗೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ, ಪ್ರಮಾಣವಲ್ಲ. ಎಸಿ ಓಡುತ್ತಿರುವಾಗ ಎರಡೂ ಬದಿಯ ಒತ್ತಡ ತಗ್ಗಿದ್ದರೆ ಗ್ಯಾಸ್ ಕಡಿಮೆ ಎನ್ನಬಹುದು. ತಗ್ಗಿರಬೇಕಾದ ಬದಿ ಏರಿ, ಏರಿರಬೇಕಾದ ಬದಿ ತಗ್ಗಿದ್ದರೆ ಕಂಪ್ರೆಸರ್ ಸೊರಗಿದೆ; ಆಗ ಎಷ್ಟು ಗ್ಯಾಸ್ ಹಾಕಿದರೂ ಪ್ರಯೋಜನವಿಲ್ಲ.

ಹುಡುಕುವ ಆರು ಬಗೆ

ಖರ್ಚಿಲ್ಲದ ಬಗೆ ಕಣ್ಣು. ಗ್ಯಾಸ್ ಹೊರಡುವಾಗ ಕಂಪ್ರೆಸರ್ ಎಣ್ಣೆಯನ್ನೂ ಸ್ವಲ್ಪ ಹೊತ್ತೊಯ್ಯುತ್ತದೆ. ಎಣ್ಣೆಗೆ ಧೂಳು ಅಂಟುತ್ತದೆ. ಬಾನೆಟ್ ಎತ್ತಿ ಟಾರ್ಚ್ ಹಿಡಿದು ಪೈಪಿನ ಜೋಡಣೆಗಳಲ್ಲಿ, ಕಂಡೆನ್ಸರ್‌ನ ಮೂಲೆಗಳಲ್ಲಿ, ಕಂಪ್ರೆಸರ್ ಪುಲ್ಲಿಯ ಹಿಂದೆ ಜಿಡ್ಡುಗಟ್ಟಿದ ಕಪ್ಪು ಕಲೆ ಹುಡುಕಿ. ಗ್ಯಾಸ್ ತುಂಬಿಸುವ ಎರಡು ಬಾಯಿಗಳ ಪ್ಲಾಸ್ಟಿಕ್ ಮುಚ್ಚಳ ತೆಗೆದು ಒಂದು ಹನಿ ಸೋಪಿನ ನೀರು ಬಿಡಿ. ಒಳಗಿರುವುದು ಕಾರಿನ ಟೈರಿನ ವಾಲ್ವ್ ಪಿನ್ನಿನಂಥದೇ ಒಂದು ಪಿನ್. ಅದು ಹಳತಾಗಿ ಸೋರುವುದು ಸಾಮಾನ್ಯ, ಬದಲಿಸುವುದು ಅಗ್ಗ, ಆದರೂ ನೋಡುವವರು ವಿರಳ. ಆ ಮುಚ್ಚಳವನ್ನು ಎಸೆಯಬೇಡಿ, ಅದೂ ಒಂದು ತಡೆಯೇ.

ಸೋಪಿನ ನೀರು ಕೈಗೆ ಸಿಗುವ ಜಾಗಕ್ಕೆ ಒಳ್ಳೆಯದು, ನಿಧಾನವಾದ ಸೋರಿಕೆಗೆ ಸಾಲದು. ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡ್ ಹಿಂದೆ ಅಡಗಿರುವುದರಿಂದ ಅಲ್ಲಿ ಅದರ ಆಟ ನಡೆಯದು.

ಡೈ ಹಾಕುವುದೆಂದರೆ ಎಣ್ಣೆಯೊಂದಿಗೆ ಬೆರೆಯುವ ಬಣ್ಣವನ್ನು ಒಳಗೆ ಬಿಟ್ಟು, ಕೆಲವು ದಿನ ಓಡಿಸಿ, ಕತ್ತಲಲ್ಲಿ ನೇರಳಾತೀತ ದೀಪ ಹಿಡಿಯುವುದು. ಸೋರುವ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ನಿಧಾನದ ಸೋರಿಕೆಗೆ ಇದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ. ತೊಂದರೆ ಎರಡು: ಎಣ್ಣೆ ಹೊರಬಾರದೆ ಗ್ಯಾಸ್ ಮಾತ್ರ ಹೋಗುತ್ತಿದ್ದರೆ ಏನೂ ಕಾಣದು, ಹಿಂದಿನ ಮಾಲೀಕರ ಕಾಲದಲ್ಲಿ ಚೆಲ್ಲಿದ ಡೈ ಇನ್ನೂ ಹೊಳೆಯುತ್ತಿದ್ದರೆ ದಾರಿ ತಪ್ಪಿಸುತ್ತದೆ. ಕಾಯಿಲ್ ಕಾಣದಿದ್ದರೂ ನೀರಿನ ಕೊಳವೆಯ ತುದಿಗೆ ದೀಪ ಹಿಡಿಯಬಹುದು. ಅಲ್ಲಿ ಹೊಳಪು ಕಂಡರೆ ತೀರ್ಪು ಸಿಕ್ಕಂತೆಯೇ.

ಎಲೆಕ್ಟ್ರಾನಿಕ್ ಡಿಟೆಕ್ಟರ್ ಮೂಸಿ ಹೇಳುವ ಯಂತ್ರ. ಒಳ್ಳೆಯದಾದರೆ ವರ್ಷಕ್ಕೆ ಕೆಲವೇ ಗ್ರಾಂ ಸೋರುವುದನ್ನೂ ಹಿಡಿಯುತ್ತದೆ. ಆದರೆ ಗಾಳಿ ಬೀಸುವ ಬೀದಿಬದಿಯಲ್ಲಿ, ಪೆಟ್ರೋಲ್ ವಾಸನೆಯ ನಡುವೆ ಅದರ ಕೂಗಿಗೆ ಅರ್ಥವಿಲ್ಲ. ಆರ್134ಎ ಗಾಳಿಗಿಂತ ಭಾರ, ಆದ್ದರಿಂದ ಮೂತಿಯನ್ನು ಜೋಡಣೆಗಳ ಕೆಳಗೆ ನಿಧಾನವಾಗಿ ಸರಿಸಬೇಕು. ಕಾಯಿಲ್ ಪರೀಕ್ಷೆಗೆ ಎಂಜಿನ್, ಬ್ಲೋವರ್ ಎರಡನ್ನೂ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಟ್ಟು, ಗಾಳಿ ಬರುವ ಕಿಂಡಿಯಲ್ಲಿ ಮೂತಿ ಇಡುತ್ತಾರೆ. ಆ ಹದಿನೈದು ನಿಮಿಷ ಕಾಯುವ ತಾಳ್ಮೆ ಮೆಕ್ಯಾನಿಕ್‌ಗೆ ಇದೆಯೇ ಎಂಬುದನ್ನು ನಾನು ಯಂತ್ರದ ಬೆಲೆಗಿಂತ ಹೆಚ್ಚು ಗಮನಿಸುತ್ತೇನೆ.

ವ್ಯಾಕ್ಯೂಮ್ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ, ಎಲ್ಲರೂ ಅದನ್ನು ಅತಿಯಾಗಿ ನಂಬುತ್ತಾರೆ. ಪಂಪಿನಿಂದ ಒಳಗಿನ ಗಾಳಿ ಎಳೆದು ಮುಳ್ಳು ನಿಲ್ಲುತ್ತದೆಯೇ ಎಂದು ನೋಡುವುದು ಅದರ ಕ್ರಮ. ಅದರಲ್ಲಿ ಹೊರಗಿನಿಂದ ಒಳಕ್ಕೆ ತಳ್ಳುವ ಒತ್ತಡ 15 ಪಿಎಸ್‌ಐಗೂ ಕಡಿಮೆ. ಎಸಿ ಓಡುವಾಗ ಒಳಗಿನಿಂದ ಹೊರಕ್ಕೆ ತಳ್ಳುವುದು 200 ಪಿಎಸ್‌ಐಗೂ ಮೇಲೆ. ವ್ಯಾಕ್ಯೂಮ್‌ನಲ್ಲಿ ಕಚ್ಚಿಕೊಂಡು ಕುಳಿತ ಓ-ರಿಂಗ್ (ಜೋಡಣೆಯ ರಬ್ಬರ್ ಉಂಗುರ) ಆ ಒತ್ತಡಕ್ಕೆ ಬಾಯಿ ಬಿಡಬಹುದು. ಮುಳ್ಳು ಜಾರಿದರೆ ಸೋರಿಕೆ ಇರಬಹುದು, ಇಲ್ಲವೇ ಒಳಗಿನ ತೇವ ಆವಿಯಾಗುತ್ತಿರಬಹುದು. ಜಾರದಿದ್ದರೆ ದೊಡ್ಡ ತೂತಿಲ್ಲ ಎಂದಷ್ಟೇ ತಿಳಿಯಿರಿ.

ಇಲ್ಲಿ ಬೆಂಗಳೂರಿನವರಿಗೆ ಒಂದು ಅಡ್ಡಮಾತು. ಅಂತರ್ಜಾಲದಲ್ಲಿ ವಿದೇಶದ ವೀಡಿಯೊ ನೋಡಿ “ವ್ಯಾಕ್ಯೂಮ್ ಮುಳ್ಳು ಪಾದರಸದ 29 ಇಂಚಿಗೆ ಬರಲೇಬೇಕು” ಎಂದು ಮೆಕ್ಯಾನಿಕ್ ಜೊತೆ ಜಗಳವಾಡಬೇಡಿ. ನಾನು ಆಡಿದ್ದೇನೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಈ ಊರಿನಲ್ಲಿ ಹೊರಗಿನ ವಾತಾವರಣದ ಒತ್ತಡವೇ ಪಾದರಸದ 27 ಇಂಚಿನ ಆಸುಪಾಸು. ಪಂಪ್ ಎಷ್ಟೇ ಒಳ್ಳೆಯದಿದ್ದರೂ ಮುಳ್ಳು ಅದನ್ನು ದಾಟದು. 25 ಡಿಗ್ರಿಯಲ್ಲಿ ಒಳಗಿನ ತೇವ ಕುದಿದು ಹೋಗಲು ಮಂಗಳೂರಿನಲ್ಲಿ ಮುಳ್ಳು 29ರ ಹತ್ತಿರ ಬರಬೇಕು. ಬೆಂಗಳೂರಿನಲ್ಲಿ 26ರ ಹತ್ತಿರ ಬಂದರೆ ಅದೇ ಕೆಲಸವಾಗುತ್ತದೆ. ಬೇಕಾದದ್ದು ಸಮಯ: ಅರ್ಧ ಗಂಟೆಗೆ ಮುಂಚೆ ಪಂಪ್ ನಿಲ್ಲಿಸಲು ಬಿಡಬೇಡಿ.

ನನ್ನ ಮತ ನೈಟ್ರೋಜನ್ ಪರೀಕ್ಷೆಗೆ. ಗ್ಯಾಸ್ ಪೂರ್ತಿ ಖಾಲಿಯಾದ ಕಾರಿಗಂತೂ ಇದೇ ಸರಿ. ಒಣ ನೈಟ್ರೋಜನ್ನನ್ನು 150 ಪಿಎಸ್‌ಐ ಸುತ್ತ ತುಂಬಿ, ಕಿವಿಗೊಟ್ಟು, ಸೋಪು ಹಚ್ಚಿ, ಸಾಧ್ಯವಾದರೆ ರಾತ್ರಿಯಿಡೀ ಬಿಡುತ್ತಾರೆ. ಮಧ್ಯಾಹ್ನ ತುಂಬಿ ಬೆಳಗ್ಗೆ ನೋಡಿದಾಗ ಐದು ಪಿಎಸ್‌ಐ ಇಳಿದಿದ್ದರೆ ಗಾಬರಿ ಬೇಡ. ಹತ್ತು ಡಿಗ್ರಿ ತಂಪಾದರೆ ಸೋರಿಕೆಯಿಲ್ಲದೆಯೂ ಅಷ್ಟು ಇಳಿಯುತ್ತದೆ. ಮೂವತ್ತು ಇಳಿದಿದ್ದರೆ ಕಾಯಿಲ್, ಕಂಡೆನ್ಸರ್‌ಗಳನ್ನು ಬೇರೆಬೇರೆಯಾಗಿ ಬಿಚ್ಚಿ, ಬಾಯಿ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಗುಳ್ಳೆ ತಾನೇ ಸಾಕ್ಷಿ ಹೇಳುತ್ತದೆ. ಟೈರಿಗೆ ಹೊಡೆಯುವ ಗಾಳಿಯನ್ನು ಈ ಕೆಲಸಕ್ಕೆ ಬಳಸಲು ಬಿಡಬೇಡಿ, ಅದರಲ್ಲಿ ತೇವವಿರುತ್ತದೆ. ಆಮ್ಲಜನಕವಂತೂ ಎಣ್ಣೆಯೊಂದಿಗೆ ಸೇರಿದರೆ ಸ್ಫೋಟ.

ಸೋರುವುದು ಎಲ್ಲಿ, ರಿಪೇರಿ ಎಷ್ಟು

ಓ-ರಿಂಗ್, ವಾಲ್ವ್ ಪಿನ್ ಆದರೆ ಯೋಚನೆಯೇ ಬೇಡ, ಬದಲಿಸಿ. ಒಂದು ಓ-ರಿಂಗ್ ಹೋಗಿದೆಯೆಂದರೆ ಉಳಿದವೂ ಅದೇ ವಯಸ್ಸಿನವು. ಬಿಚ್ಚಿದ ಜೋಡಣೆಗಳಿಗೆಲ್ಲ ಹೊಸದು ಹಾಕಿಸಿ. ಆರ್134ಎಗೆ ತಕ್ಕ ರಬ್ಬರ್ ಇರಲಿ, ಕೊಳಾಯಿ ಅಂಗಡಿಯ ವಾಷರ್ ಬೇಡ.

ಪೈಪಿನಲ್ಲಿ ಎರಡು ಭಾಗ. ರಬ್ಬರ್ ಭಾಗ ಸೋರಿದರೆ ಹಳೆಯ ಅಲ್ಯೂಮಿನಿಯಂ ತುದಿಗಳಿಗೇ ಹೊಸ ಎಸಿ ಹೋಸ್ ಒತ್ತಿಸಿ ಕೊಡುವ ಅಂಗಡಿಗಳು ದೊಡ್ಡ ಊರುಗಳಲ್ಲಿವೆ. ಬಿಡಿಭಾಗ ಸಿಗದ ಕಾರಿಗೆ ಇದು ವರದಾನ, ಚೆನ್ನಾಗಿ ಒತ್ತಿದರೆ ಹೊಸ ಪೈಪಿಗೆ ಏನೂ ಕಡಿಮೆಯಿಲ್ಲ. ಅಲ್ಯೂಮಿನಿಯಂ ಭಾಗ ಎಲ್ಲೋ ಉಜ್ಜಿ ತೂತಾಗಿದ್ದರೆ ಬೆಸುಗೆ ಹಾಕಿಸಬಹುದು.

ಕಂಡೆನ್ಸರ್ ಕಾರಿನ ಮೂಗಿನಲ್ಲಿ ಕುಳಿತು ಕಲ್ಲೇಟು ತಿನ್ನುವ ಭಾಗ. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಅದರ ರೆಕ್ಕೆಗಳು ಪುಡಿಪುಡಿಯಾಗಿ ಉದುರುವುದನ್ನು ನೋಡಿದ್ದೇನೆ. ಕಲ್ಲು ಬಡಿದು ಒಂದೇ ಕಡೆ ತೂತಾಗಿದ್ದರೆ ಬೆಸುಗೆ ನಿಲ್ಲುತ್ತದೆ. ತುಕ್ಕು ತಿಂದದ್ದಾದರೆ ಇಂದು ಇಲ್ಲಿ ಬೆಸುಗೆ, ಮುಂದಿನ ತಿಂಗಳು ಪಕ್ಕದಲ್ಲಿ ಇನ್ನೊಂದು ತೂತು. ಗುಜರಿ ಕಂಡೆನ್ಸರ್ ಬೇಡವೇ ಬೇಡ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಕನ್ನಡಿ, ಹಿಡಿಕೆಗಳನ್ನು ಕೊಳ್ಳುವುದರಲ್ಲಿ ಜಾಣತನವಿದೆ; ಬಾಯಿ ತೆರೆದುಕೊಂಡು ಮಳೆಯಲ್ಲಿ ಬಿದ್ದಿದ್ದ ಕಂಡೆನ್ಸರನ್ನು ಕೊಳ್ಳುವುದರಲ್ಲಿಲ್ಲ. ಜೆ.ಸಿ. ರಸ್ತೆಯಲ್ಲಿ ಹಳೆಯ ಸಣ್ಣ ಕಾರುಗಳಿಗೆ ಬೇರೆ ತಯಾರಕರ ಹೊಸ ಕಂಡೆನ್ಸರ್ ಮೂಲ ಕಂಪನಿಯದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ಈ ಒಂದು ಭಾಗಕ್ಕೆ ಅದು ಸಾಕು. ಕೆಟ್ಟರೂ ಬದಲಿಸುವುದು ಸುಲಭ.

ಕೂಲಿಂಗ್ ಕಾಯಿಲ್‌ಗೆ ಇದೇ ತರ್ಕ ತಲೆಕೆಳಗು. ಅಲ್ಲಿ ಭಾಗದ ಬೆಲೆಗಿಂತ ಕೂಲಿ ದುಬಾರಿ. ಕೆಲವು ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೆಟ್ಟಿಗೆ ಬಿಚ್ಚಿದರೆ ಕಾಯಿಲ್ ಕೈಗೆ ಬರುತ್ತದೆ. ಕೆಲವದರಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು, ಮತ್ತೆ ಕೂರಿಸಿದ ಮೇಲೆ ಕಿರ್‌ಗುಟ್ಟುವ ಸದ್ದು ಜೀವನಪರ್ಯಂತ ಜೊತೆಗಿರುತ್ತದೆ. ಆ ಕೆಲಸ ಎರಡು ಸಲ ಮಾಡಿಸುವಂಥದ್ದಲ್ಲ. ಕಾಯಿಲ್‌ಗೆ ಬೆಸುಗೆ ಹಾಕಿಸಬೇಡಿ, ಸಿಗುವುದರಲ್ಲಿ ಒಳ್ಳೆಯ ಹೊಸದನ್ನೇ ಹಾಕಿಸಿ, ಜೊತೆಗೇ ಎಕ್ಸ್‌ಪ್ಯಾನ್ಶನ್ ವಾಲ್ವನ್ನೂ ಬದಲಿಸಿಬಿಡಿ.

ಕಂಪ್ರೆಸರ್ ಮುಂಭಾಗದ ಶಾಫ್ಟ್ ಸೀಲ್ ಸೋರಿದರೆ ಕ್ಲಚ್ ಸುತ್ತ ಎಣ್ಣೆ ಚಿಮ್ಮಿರುತ್ತದೆ. ಕೆಲವು ಮಾದರಿಗಳಿಗೆ ಸೀಲ್ ಕಿಟ್ ಸಿಗುತ್ತದೆ, ಸದ್ದಿಲ್ಲದೆ ಓಡುವ ಕಂಪ್ರೆಸರ್‌ಗೆ ಅದನ್ನೇ ಮೊದಲು ನೋಡಿ. ಒಳಗೆ ಸವೆದು ಲೋಹದ ಪುಡಿ ಉಗುಳಿದ ಕಂಪ್ರೆಸರ್ ಆದರೆ ಲೆಕ್ಕ ಬೇರೆ. ಆ ಪುಡಿ ಕಂಡೆನ್ಸರ್‌ನ ಕೂದಲೆಳೆಯಂಥ ದಾರಿಗಳಲ್ಲಿ ಕುಳಿತಿರುತ್ತದೆ, ಎಷ್ಟು ತೊಳೆದರೂ ಬರದು. ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಹೊಸದೂ ಅದೇ ಪುಡಿ ತಿಂದು ಕೆಡುತ್ತದೆ.

ಯಾವ ರಿಪೇರಿಯಾದರೂ, ಪೈಪು ಬಿಚ್ಚಿದ ಮೇಲೆ ಡ್ರೈಯರ್ ಬಾಟಲಿ ಹೊಸದಾಗಲಿ. ತೇವ ಹೀರುವ ಅದರೊಳಗಿನ ಹರಳುಗಳು ಹೊರಗಿನ ಗಾಳಿಗೆ ತೆರೆದುಕೊಂಡರೆ ಬೇಗನೆ ತುಂಬಿಹೋಗುತ್ತವೆ. ಬಿಲ್ಲಿನಲ್ಲಿ ಉಳಿತಾಯ ಮಾಡಲು ಜನ ಮೊದಲು ಕೈಬಿಡುವುದು ಇದನ್ನೇ.

ಅಗ್ಗದ ಆಮಿಷಗಳು

ಸೋರಿಕೆ ತಾನೇ ಮುಚ್ಚುತ್ತದೆಂದು ಡಬ್ಬಿಯಲ್ಲಿ ಮಾರುವ ದ್ರವವನ್ನು ಹಾಕಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಕೆಲವು ತೇವ ತಗುಲಿದಲ್ಲಿ ಗಟ್ಟಿಯಾಗುವಂಥವು. ಒಳಗೇ ತೇವವಿರುವ ಹಳೆಯ ಕಾರಿನಲ್ಲಿ ಅವು ತೂತಿಗಿಂತ ಮೊದಲು ಎಕ್ಸ್‌ಪ್ಯಾನ್ಶನ್ ವಾಲ್ವನ್ನು ಮುಚ್ಚಬಹುದು. ತಿಳಿದ ಮೆಕ್ಯಾನಿಕ್ ಯಾರೂ ಅದನ್ನು ಹಾಕಿದ ಕಾರನ್ನು ತಮ್ಮ ಗ್ಯಾಸ್ ಯಂತ್ರಕ್ಕೆ ಜೋಡಿಸಲು ಒಪ್ಪುವುದಿಲ್ಲ. ಮುಂದಿನ ತಿಂಗಳು ಕಾರು ಗುಜರಿಗೇ ಹೋಗುವುದು ನಿಶ್ಚಿತವಾದರೆ ಹಾಕಿಕೊಳ್ಳಿ.

ಅಗ್ಗದ ಗ್ಯಾಸ್ ಇನ್ನೂ ಅಪಾಯ. ಅಡುಗೆ ಅನಿಲದಂಥ ಮಿಶ್ರಣವನ್ನು ತುಂಬಿದರೂ ತಂಪು ಚೆನ್ನಾಗಿಯೇ ಬರುತ್ತದೆ, ಆದರೆ ಸೋರುವ ಕಾಯಿಲ್ ಇರುವುದು ನೀವು ಕುಳಿತ ಪೆಟ್ಟಿಗೆಯೊಳಗೆ. ಕಲಬೆರಕೆಯಾಗಿ ಬರುವ ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ಉರಿಯುವ ವಸ್ತುವನ್ನು ಹುಟ್ಟಿಸುತ್ತದೆ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳ ಯಂತ್ರಗಳು ಸಿಡಿದು ಕೆಲಸಗಾರರು ಸತ್ತಾಗ ಸಂಶಯ ಹೋದದ್ದು ಇಂಥ ಕಲಬೆರಕೆಯ ಮೇಲೆಯೇ. ಮೊಹರಿದ್ದ ಡಬ್ಬಿಯನ್ನು ನಿಮ್ಮ ಮುಂದೆ ತೆರೆಯಲಿ.

ಇನ್ನು, “ಸೋರಿದರೆ ಸೋರಲಿ, ವರ್ಷಕ್ಕೊಮ್ಮೆ ತುಂಬಿಸುತ್ತೇನೆ” ಎನ್ನುವವರಿಗೆ ಒಂದು ಲೆಕ್ಕ. ಆರ್134ಎ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 1,430 ಪಟ್ಟು. ಅರ್ಧ ಕಿಲೋ ಗಾಳಿಗೆ ಬಿಟ್ಟರೆ 715 ಕಿಲೋ ಡೈಆಕ್ಸೈಡ್ ಬಿಟ್ಟಂತೆ. ಸಣ್ಣ ಪೆಟ್ರೋಲ್ ಕಾರು ನಾಲ್ಕೈದು ಸಾವಿರ ಕಿಲೋಮೀಟರ್ ಓಡಿದರೆ ಹೊರಡುವ ಹೊಗೆ ಅಷ್ಟು.

ಎಲ್ಲಿಗೆ ಒಯ್ಯುವುದು

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಗ್ಯಾಸನ್ನು ಹೊರತೆಗೆದು ತೂಕ ಹಾಕಿ ಮತ್ತೆ ತುಂಬುವ ಯಂತ್ರವಿರುತ್ತದೆ, ಭಾಗಗಳು ಅಸಲಿ. ಆದರೆ ಹದಿನೈದು ವರ್ಷದ ಕಾರಿಗೆ ಹೋಸ್ ಒತ್ತಿಸುವುದು, ಸೀಲ್ ಕಿಟ್ ಹಾಕುವುದು ಸಾಮಾನ್ಯವಾಗಿ ಅವರ ಪದ್ಧತಿಯಲ್ಲ. ಇಡೀ ಭಾಗವನ್ನೇ ಬದಲಿಸುತ್ತಾರೆ, ಅದು ದಾಸ್ತಾನಿಲ್ಲದಿದ್ದರೆ ಕೈಚೆಲ್ಲುತ್ತಾರೆ. ಕಾರ್ ಎಸಿಯನ್ನೇ ಕಸುಬಾಗಿಸಿಕೊಂಡ ಅಂಗಡಿಯವರು ಹಳೆಯ ಕಾರಿಗೆ ಮೇಲು, ಮೂರು ವಸ್ತು ಅವರ ಬಳಿ ಇದ್ದರೆ: ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ. ಮೂರನೆಯದು ಇಲ್ಲದೆ ಕಿಂಡಿಗೆ ಕೈಯೊಡ್ಡಿ “ಈಗ ಸಾಕು” ಎನ್ನುವವರು ಹೆಚ್ಚೇ ತುಂಬುತ್ತಾರೆ; ಹೆಚ್ಚಾದರೂ ತಂಪು ತಗ್ಗುತ್ತದೆ, ಕಂಪ್ರೆಸರ್ ನರಳುತ್ತದೆ. ಎಷ್ಟು ಗ್ರಾಂ ಎಂಬುದು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ.

1980, 90ರ ದಶಕದ ಕಾರು ಇಟ್ಟುಕೊಂಡವರಿಗೆ ಪ್ರತ್ಯೇಕ ಮಾತು. ಅದರಲ್ಲಿ ಆರ್12 ಇದ್ದಿರಬಹುದು. ಓಝೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತದಲ್ಲೂ 2010ರ ಹೊತ್ತಿಗೆ ನಿಲ್ಲಿಸಲಾಯಿತು. ಹಳೆಯ ಖನಿಜ ಎಣ್ಣೆಯನ್ನು ಬಸಿದು, ಎಣ್ಣೆ, ಓ-ರಿಂಗ್, ಡ್ರೈಯರ್, ತುಂಬುವ ಬಾಯಿ ಎಲ್ಲವನ್ನೂ ಆರ್134ಎಗೆ ತಕ್ಕಂತೆ ಬದಲಿಸಿಯೇ ಮುಂದುವರಿಯಬೇಕು. ಹಳೆಯದರ ಮೇಲೆ ಹೊಸ ಗ್ಯಾಸ್ ಸುರಿದರೆ ಎಣ್ಣೆ ಗ್ಯಾಸ್ ಜೊತೆ ಸುತ್ತದೆ ಉಳಿದು ಕಂಪ್ರೆಸರ್ ಒಣಗುತ್ತದೆ.

ಎಷ್ಟು ಖರ್ಚು ಮಾಡುವುದೆಂಬುದನ್ನು ನಾನು ಆರ್‌ಸಿ ನೋಡಿ ತೀರ್ಮಾನಿಸಿದೆ. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನವೀಕರಣಕ್ಕೆ ಒಂದು ವರ್ಷವಷ್ಟೇ ಉಳಿದಿದ್ದು ಮಾರುವ ಯೋಚನೆಯಿದ್ದರೆ ಕಂಡೆನ್ಸರ್‌ವರೆಗಿನ ಖರ್ಚು ಸರಿ. ಕಾಯಿಲ್, ಕಂಪ್ರೆಸರ್ ಆದರೆ ಕಿಟಕಿ ಇಳಿಸಿಕೊಂಡು ಓಡಾಡುವುದೇ ಲೇಸು. ನಾನು ಆಗಷ್ಟೇ ಐದು ವರ್ಷಕ್ಕೆ ನವೀಕರಿಸಿದ್ದೆ.

ನಾಲ್ಕನೆಯ ಬೇಸಿಗೆ ಬೇರೆ ಅಂಗಡಿಗೆ ಹೋದೆ. ನೈಟ್ರೋಜನ್ ತುಂಬಿ ರಾತ್ರಿ ಬಿಟ್ಟರು, ಬೆಳಗ್ಗೆ ಅರ್ಧಕ್ಕರ್ಧ ಇಳಿದಿತ್ತು. ಕಾಯಿಲ್ ಬಿಚ್ಚಿ ನೀರಿಗೆ ಇಳಿಸಿದಾಗ ಕೆಳಗಿನ ಮೂಲೆಯಿಂದ ಸಾಸಿವೆ ಕಾಳಿನಂಥ ಗುಳ್ಳೆಗಳ ಸಾಲು. ಹೊಸ ಕಾಯಿಲ್, ವಾಲ್ವ್, ಡ್ರೈಯರ್, ಓ-ರಿಂಗ್‌ಗಳು, ತೂಗಿ ತುಂಬಿದ 480 ಗ್ರಾಂ ಗ್ಯಾಸ್, ಕೂಲಿ ಎಲ್ಲ ಸೇರಿ 7,400 ರೂಪಾಯಿ. ಹಳೆಯ ಕಾಯಿಲನ್ನು ಕೇಳಿ ನೋಡಿದೆ. ರೆಕ್ಕೆಗಳ ನಡುವೆ ವರ್ಷಗಟ್ಟಲೆ ನೆನೆದು ಕೊಳೆತ ಹೊಂಗೆ ಹೂವು ಅಂಗುಲ ದಪ್ಪಕ್ಕೆ ಮೆತ್ತಿಕೊಂಡಿತ್ತು. ಅದರಡಿಯ ಅಲ್ಯೂಮಿನಿಯಂ ಬಿಳಿಪುಡಿಯಾಗಿತ್ತು. ನಮ್ಮ ಬೀದಿಯ ಏಕೈಕ ನೆರಳೆಂದು ನಾನು ಹಠ ಹಿಡಿದು ಕಾರು ನಿಲ್ಲಿಸುತ್ತಿದ್ದದ್ದು ಹೊಂಗೆಮರದ ಕೆಳಗೆ, ಈ ಕಾರಿಗೋ ಕ್ಯಾಬಿನ್ ಫಿಲ್ಟರ್ ಇಲ್ಲ. ಈಗ ಎದುರು ಬದಿಯ ಬಿಸಿಲಿನಲ್ಲಿ ನಿಲ್ಲಿಸುತ್ತೇನೆ. ಮಧ್ಯಾಹ್ನ ಬಾಗಿಲು ತೆರೆದರೆ ಒಳಗೆ ಕಾವಲಿ, ಎಸಿ ಹಾಕದೆ ಕೂರುವಂತಿಲ್ಲ.